ಎರಡನೇ ಸಲ ಕೇಳದವರ ಸಿನಿಮಾ

ನನಗೆ ಜರ್ಮನ್ ಬರುತ್ತದೆ ಎಂಬ ಸಂಗತಿ ಕೊಪ್ಪದವರಿಗೆ ಗೊತ್ತಾಗಿದ್ದು ನನ್ನ ಬಾಯಿಯಿಂದಲೇ. ಬಾಳಗಡಿಯ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ನಿಂತಿದ್ದೆ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು ಜರ್ಮನ್ ಭಾಷೆಯ ಫಾರಂ ತುಂಬುತ್ತಿದ್ದಳು. ಹುಟ್ಟಿದ ಊರು ಬರೆಯಬೇಕಾದ ಜಾಗದಲ್ಲಿ ಅಪ್ಪನ ಹೆಸರು ಬರೆದಿದ್ದು ಕಣ್ಣಿಗೆ ಬಿತ್ತು. ಸುಮ್ಮನಿರಬಹುದಿತ್ತು. ಆದರೆ ತಪ್ಪು ಕಂಡರೆ ನನ್ನ ನಾಲಿಗೆ ತುರಿಸುತ್ತದೆ. "ಅಲ್ಲಿ ಊರು ಬರಿ ಮಾರಾಯ್ತಿ, ಅಪ್ಪನ್ನ ಯಾಕೆ ಎಳೀತಿ," ಎಂದುಬಿಟ್ಟೆ. ಮುಂದಿನ ಭಾನುವಾರದಿಂದ ಅದೇ ಅಂಗಡಿಯ ಮಹಡಿಯ ಮೇಲೆ ನನ್ನ ಕ್ಲಾಸು ಶುರುವಾಯಿತು.

ಅವಳು ನರಸಿಂಹರಾಜಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಏಳು ವರ್ಷದಿಂದ ನರ್ಸು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಜರ್ಮನಿಯ ಆಸ್ಪತ್ರೆಯೊಂದಕ್ಕೆ ಹೋಗಬೇಕೆಂದು ಅರ್ಜಿ ಹಾಕಿದ್ದಳು. ಯಾಕೆ ಎಂದು ಮೊದಲ ದಿನವೇ ಕೇಳಿದ್ದೆ. ಸಂಬಳ, ಸಾಲ, ಮನೆ ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಅವಳ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಸೌಲಭ್ಯವಿಲ್ಲ. ಬೆಚ್ಚಗೆ ಸುತ್ತಿ, ಆಂಬುಲೆನ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ಯುವವಳು ಇವಳೇ. ಅಲ್ಲಿ ಒಂದು ಗಾಜಿನ ಬಾಗಿಲ ಹತ್ತಿರ ಕೂಸನ್ನು ಕೈಯಿಂದ ಕೈಗೆ ದಾಟಿಸಬೇಕು. ಬಾಗಿಲು ಮುಚ್ಚುತ್ತದೆ, ಇವಳು ಅದೇ ಆಂಬುಲೆನ್ಸಿನಲ್ಲಿ ಬರಿಗೈಲಿ ವಾಪಸ್ಸು. "ಆ ಬಾಗಿಲಿನ ಒಳಗೆ ಎಂತ ಮಾಡ್ತಾರೆ ಅಂತ ಕಲೀಬೇಕು ಮೇಡಂ. ಅಷ್ಟೇ," ಎಂದಳು. ಏಳು ವರ್ಷ ಬಾಗಿಲ ಹೊರಗೆ ನಿಂತವಳ ಮಾತು ಅದು. ನನಗೆ ಅವಳ ಮೇಲೆ ಅಂದೇ ಪ್ರೀತಿ ಹುಟ್ಟಿತು. ತೋರಿಸಿಕೊಳ್ಳಲಿಲ್ಲ, ಹೋಂವರ್ಕ್ ಕೊಟ್ಟೆ.

ನನ್ನ ಜರ್ಮನ್ ಬಗ್ಗೆಯೂ ಹೇಳಿಬಿಡಬೇಕು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕೂತು ಜರ್ಮನ್ ಯಂತ್ರಗಳ ಕೈಪಿಡಿಗಳನ್ನು ಅನುವಾದ ಮಾಡಿದವಳು ನಾನು. ಆಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡು ಗಂಡನ ಊರಾದ ಕೊಪ್ಪಕ್ಕೆ ಬಂದೆ. ಬೇರಿಂಗ್ ಸವೆದಿದೆ ಎಂಬುದನ್ನು ಜರ್ಮನ್‌ನಲ್ಲಿ ಮೂರು ರೀತಿ ಹೇಳಬಲ್ಲೆ. ಎಣ್ಣೆ ಸೋರುತ್ತಿದೆ ಎಂಬುದನ್ನು ನಾಲ್ಕು ರೀತಿ. ಆದರೆ ಮಗು ಕಳೆದುಕೊಂಡ ತಾಯಿಗೆ ಎಂತ ಹೇಳಬೇಕು, ಸಿಟ್ಟು ಮಾಡಿದ ಅಜ್ಜನಿಗೆ ಎಂತ ಹೇಳಬೇಕು ಎಂದು ಸಿಸ್ಟರ್ ಕೇಳಿದಾಗ ಬಾಯಿ ಕಟ್ಟಿತು. ಯಂತ್ರಗಳು ಸಿಟ್ಟು ಮಾಡುವುದಿಲ್ಲ ನೋಡಿ.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಡಿವಿಡಿಗಳ ಡಬ್ಬ. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬರು ಊರಿಗೆ ಮರಳುವಾಗ ತಮ್ಮ ಸಿನಿಮಾಗಳನ್ನೆಲ್ಲ ನನಗೆ ದಾನ ಮಾಡಿ ಹೋಗಿದ್ದರು. ಒಂದನ್ನೂ ನೋಡಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಭಂಡಿಗಡಿಯ ಒಬ್ಬ ಎಲೆಕ್ಟ್ರೀಷಿಯನ್ ಇದ್ದ. ಅವನ ಹೆಂಡತಿ ಆಗಲೇ ಜರ್ಮನಿಯಲ್ಲಿ ನರ್ಸು. ಅಲ್ಲಿಗೆ ಹೋಗಿ ಸೇರಿಕೊಳ್ಳಲು ಇವನೂ ಚೂರು ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕಿತ್ತು. ಕಲಿಯುವುದರಲ್ಲಿ ಮಹಾ ಸೋಮಾರಿ, ಕೈಕೆಲಸದಲ್ಲಿ ಗಟ್ಟಿಗ. ಎಲ್ಲಿಂದಲೋ ಹಳೆಯ ಡಿವಿಡಿ ಪ್ಲೇಯರ್ ತಂದು, ಬಿಚ್ಚಿ, ಒರೆಸಿ, ಟಿವಿಗೆ ಜೋಡಿಸಿಕೊಟ್ಟ.

ಮೂರನೆಯ ವಿದ್ಯಾರ್ಥಿ ಶೃಂಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಸ್ಕೃತ ಮೇಷ್ಟ್ರು. ವಯಸ್ಸು ಎಪ್ಪತ್ತರ ಹತ್ತಿರ. ಇವರು ಜರ್ಮನಿಗೆ ಹೋಗುವವರಲ್ಲ, ಪರೀಕ್ಷೆ ಬರೆಯುವವರೂ ಅಲ್ಲ. ಸಂಸ್ಕೃತವನ್ನು ಅಷ್ಟು ಓದಿದ ಜನರ ಭಾಷೆ ನನಗೆ ಬಾರದಿದ್ದರೆ ಹೇಗೆ ಎಂಬುದು ಅವರ ವಾದ. ವಾದ ಅವರಿಗೆ ರಕ್ತದಲ್ಲೇ ಇತ್ತು, ಯಾಕೆಂದರೆ ಮೇಷ್ಟ್ರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷ ಕಟ್ಟದೆ, ಕುಣಿಯದೆ, ಎದುರುಬದುರು ಕೂತು ಪಾತ್ರದ ಮಾತನ್ನು ಆ ಕ್ಷಣಕ್ಕೆ ಹೊಳೆದಂತೆ ಆಡಿ, ಎದುರಾಳಿಯನ್ನು ಮಾತಿನಲ್ಲೇ ಕೆಡವುವ ಕೆಲಸ ಅದು.

ಮೊದಲ ಸಿನಿಮಾ ಎಂದರೆ ಒಂದು ಸಣ್ಣ ಊರಿನಲ್ಲಿ ಬೇಕರಿ ನಡೆಸುವ ವಿಧವೆಯ ಕತೆ. ಎರಡು ಗಂಟೆಯ ಚಿತ್ರವನ್ನು ಒಂದೇ ಭಾನುವಾರ ತೋರಿಸಿದೆ. ಎಲೆಕ್ಟ್ರೀಷಿಯನ್ ನಿದ್ದೆ ಮಾಡಿದ, ಸಿಸ್ಟರ್ ಪರದೆಯ ಕೆಳಗೆ ಬರುವ ಅಕ್ಷರಗಳನ್ನು ಓದುತ್ತ ಕಣ್ಣು ಕೆಂಪು ಮಾಡಿಕೊಂಡಳು. ಹೀಗಾದರೆ ಆಗುವುದಿಲ್ಲ ಎಂದು ವಾರಕ್ಕೆ ಹತ್ತೇ ನಿಮಿಷ ಎಂದು ಕಟ್ಟು ಮಾಡಿದೆ. ಆ ಹತ್ತು ನಿಮಿಷವನ್ನು ಒಮ್ಮೆ ಅಕ್ಷರವಿಲ್ಲದೆ, ಒಮ್ಮೆ ಅಕ್ಷರದ ಜೊತೆ ನೋಡುವುದು. ಮೂರನೆಯ ಸಲ ಎಂತ ಮಾಡುವುದೆಂದು ನನಗೆ ತೋಚಿರಲಿಲ್ಲ. ಮೇಷ್ಟ್ರು ದಾರಿ ತೋರಿಸಿದರು. "ಧ್ವನಿ ತೆಗೀರಿ ಮಾರಾಯ್ರೆ, ಅರ್ಥ ನಾವು ಹೇಳ್ತೇವೆ," ಎಂದರು.

ಅದೇ ನಮ್ಮ ಕ್ಲಾಸಿನ ಪದ್ಧತಿಯಾಯಿತು. ಟಿವಿಯಲ್ಲಿ ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಪಾತ್ರ ಹಂಚಿಕೊಂಡವರು ತಮಗೆ ಬಂದ ಜರ್ಮನ್‌ನಲ್ಲಿ ಮಾತಾಡಬೇಕು. ಸಿಸ್ಟರ್ ಬೇಕರಿಯ ವಿಧವೆ, ಎಲೆಕ್ಟ್ರೀಷಿಯನ್ ಅಂಚೆಯವನು, ಮೇಷ್ಟ್ರು ಉಳಿದ ಎಲ್ಲರೂ. ತೊಂದರೆ ಏನೆಂದರೆ ಮೇಷ್ಟ್ರಿಗೆ ಮಾತು ನಿಲ್ಲಿಸಿ ಗೊತ್ತಿಲ್ಲ. ಪರದೆಯ ಮೇಲೆ ಮಿಠಾಯಿ ಕೊಳ್ಳಲು ಬಂದ ಗಿರಾಕಿ ಎರಡು ಶಬ್ದ ಆಡಿ ಹೋಗಿರುತ್ತಾನೆ. ಮೇಷ್ಟ್ರ ಗಿರಾಕಿ ಮಿಠಾಯಿ ಯಾಕೆ ಕೊಳ್ಳಬೇಕು, ಕೊಂಡರೆ ದೋಷವೇನು, ಕೊಳ್ಳದಿದ್ದರೆ ಯಾರಿಗೆ ನಷ್ಟ ಎಂದು ಪೂರ್ವಪಕ್ಷ ಹೂಡುತ್ತಿರುತ್ತಾನೆ. ಅಷ್ಟರಲ್ಲಿ ಅಂಗಡಿಯ ಬಾಗಿಲು ಹಾಕಿ ಆಗಿರುತ್ತದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಆದರೆ ಸಿಸ್ಟರ್ ಬಾಯಿ ಬಿಡಲು ಕಲಿತಿದ್ದು ಅವರಿಂದಲೇ. ಎದುರಿಗೆ ಅಂಥ ಎದುರಾಳಿ ಕೂತರೆ ಮೂಗಿಯೂ ಮಾತಾಡಬೇಕು.

ಒಂದು ಭಾನುವಾರ ಕೇಕಿನ ದೃಶ್ಯ ಬಂತು. ಅಂಚೆಯವನು ಮೊದಲ ಸಲ ವಿಧವೆಯ ಮನೆಗೆ ಬರುತ್ತಾನೆ. ಅವಳು ಕೇಕು ಕೊಯ್ದು ತಟ್ಟೆಯಲ್ಲಿಟ್ಟು, ತಿನ್ನುತ್ತೀರಾ ಎಂದು ಕೇಳುತ್ತಾಳೆ. ಅವನು "ನೈನ್, ಡಾಂಕೆ" ಎನ್ನುತ್ತಾನೆ, ಅಂದರೆ ಬೇಡ, ಥ್ಯಾಂಕ್ಸ್. ಅವಳು ತಲೆಯಾಡಿಸಿ ತಟ್ಟೆಯನ್ನು ಒಳಗೆ ತೆಗೆದಿಟ್ಟು ಬಂದು ಕೂತು ಮಾತು ಮುಂದುವರಿಸುತ್ತಾಳೆ. ಅಷ್ಟೇ.

ನಮ್ಮ ಕ್ಲಾಸು ಎದ್ದು ನಿಂತಿತು. ಸಿಸ್ಟರ್‌ಗೆ ನಂಬಲಿಕ್ಕೇ ಆಗಲಿಲ್ಲ, ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದಳು. ಪಾಪ ಅವನು ಅಷ್ಟು ದೂರದಿಂದ ಸೈಕಲ್ ಹೊಡೆದುಕೊಂಡು ಬಂದಿದ್ದಾನೆ, ಇನ್ನೊಂದು ಸಲ ಕೇಳಬಾರದಾ ಎಂದು ಎಲೆಕ್ಟ್ರೀಷಿಯನ್ ಸಿಟ್ಟಾದ. ಮನೆಗೆ ಬಂದವರು ಮೊದಲನೇ ಸಲಕ್ಕೆ ಹೂಂ ಅಂದಾರೆಯೇ? ನಮ್ಮಲ್ಲಿ ಕೇಳುವವರು ಮೂರು ಸಲ ಕೇಳಬೇಕು, ಬಂದವರು ಎರಡು ಸಲ ಬೇಡ ಅನ್ನಬೇಕು, ಈಗಷ್ಟೇ ಆಯಿತು ಎನ್ನಬೇಕು, ಕೊನೆಗೆ ನಿಮ್ಮ ಒತ್ತಾಯಕ್ಕೆ ಅರ್ಧ ಲೋಟ ಎನ್ನಬೇಕು. ಅರ್ಧ ಎಂದವರಿಗೆ ಲೋಟ ತುಂಬಿಸಿ ಕೊಡುವುದು ಉಪಚಾರ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಜುಗ್ಗ ಹೆಂಗಸು ಎಂದು ಮೇಷ್ಟ್ರು ತೀರ್ಪು ಕೊಟ್ಟರು. ನಾನೂ ನಕ್ಕು, "ಕೇಕು ಹಳಸಿತ್ತೇನೋ, ಬಿಡಿ," ಎಂದು ಮುಂದಿನ ದೃಶ್ಯಕ್ಕೆ ಹೋದೆ.

ಇಪ್ಪತ್ತೆರಡು ವರ್ಷ ಜರ್ಮನರ ಜೊತೆ ಕೆಲಸ ಮಾಡಿದವಳು ನಾನು. ಕಾರ್ಖಾನೆಗೆ ಬಂದವರು ಕಾಫಿ ಬೇಡ ಎಂದರೆ ಬೇಡವೆಂದೇ, ಬೇಕು ಎಂದರೆ ಬೇಕೆಂದೇ ಅರ್ಥ ಎಂದು ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಅಲ್ಲಿ ಸಿನಿಮಾ ನಿಲ್ಲಿಸಿ ಎರಡು ಮಾತು ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ. ನಗುವುದು ಸುಲಭವಿತ್ತು, ನಕ್ಕೆ.

ಸಿಸ್ಟರ್ ಭಾಷೆಯ ಪರೀಕ್ಷೆ ಪಾಸಾದಳು. ಮಾತಾಡುವ ಭಾಗದಲ್ಲಿ ಒಳ್ಳೆಯ ಅಂಕ ಬಂದಿತ್ತು; ಎದುರಿಗಿದ್ದ ಪರೀಕ್ಷಕರು ನಮ್ಮ ಮೇಷ್ಟ್ರ ಮುಂದೆ ಏನೂ ಅಲ್ಲ ಎಂದು ಹೇಳಿ ನಗಿಸಿದಳು. ಕ್ಲಾಸಿನಲ್ಲಿ ಕೊಬ್ಬರಿ ಮಿಠಾಯಿ ಹಂಚಿದಳು. ಆಮೇಲೆ ಜರ್ಮನಿಯ ಆಸ್ಪತ್ರೆಯವರು ವಿಡಿಯೋ ಕಾಲಿನಲ್ಲಿ ಸಂದರ್ಶನ ಮಾಡಿದರು. ಅದಾಗಿ ಎರಡು ವಾರಕ್ಕೆ ಪತ್ರ ಬಂತು. ಆ ಭಾನುವಾರ ಅವಳು ಪತ್ರವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು. ಕೆಲಸ ಸಿಕ್ಕಿತ್ತು. ಆದರೆ ಮುದುಕರನ್ನು ನೋಡಿಕೊಳ್ಳುವ ವಾರ್ಡಿಗೆ. ನವಜಾತ ಶಿಶುಗಳ ವಿಭಾಗ ಬೇಡವೆಂದು ನೀವು ತಿಳಿಸಿದ್ದರಿಂದ ನಿಮ್ಮ ಇಷ್ಟದಂತೆ ಹೀಗೆ ಮಾಡಿದ್ದೇವೆ ಎಂದು ಬರೆದಿದ್ದರು.

ನನಗೆ ಮೈಯೆಲ್ಲ ಉರಿಯಿತು. ಯಾರೋ ಬೇರೆಯವರ ಕಡತದ ಜೊತೆ ಅದಲುಬದಲಾಗಿದೆ, ಈಗಲೇ ಬರೆದು ಕೇಳುತ್ತೇನೆ ಎಂದು ಕೂಗಾಡಿದೆ. ಅವಳು ತಲೆ ತಗ್ಗಿಸಿ ನಿಜ ಹೇಳಿದಳು. ಸಂದರ್ಶನದಲ್ಲಿ ಅವರು ಕೇಳಿದ್ದರಂತೆ, ಶಿಶುಗಳ ವಿಭಾಗದಲ್ಲಿ ಒಂದು ಜಾಗವಿದೆ, ನಿಮಗೆ ಬೇಕಾ ಎಂದು. ಇವಳು ನೈನ್ ನೈನ್, ಎಲ್ಲಿಯಾದರೂ ಸರಿ ಎಂದಿದ್ದಳು.

"ಬೇಡ ಅಂದ್ಯಾ? ಅದಕ್ಕೇ ಅಲ್ವಾ ಇಷ್ಟು ವರ್ಷ ಒದ್ದಾಡಿದ್ದು?"

"ಕೇಳಿದ ಕೂಡ್ಲೆ ಹೂಂ ಅಂದ್ರೆ ಆಸೆಬುರುಕಿ ಅಂದ್ಕೊಳ್ತಾರೆ ಅಂತ ಮೇಡಂ. ಇನ್ನೊಂದ್ಸಲ ಕೇಳ್ತಾರೆ ಅಂತ ಕಾದೆ. ಕೇಳ್ಲೇ ಇಲ್ಲ."

ಮೇಷ್ಟ್ರು ನಿಧಾನಕ್ಕೆ, "ಅದೇ ಕೇಕು," ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗಾಯಿತು ನನ್ನ ಪಾಡು. ಅವಳನ್ನು ಬೈಯಲು ತೆರೆದ ಬಾಯಿ ಮುಚ್ಚಿತು. ತಪ್ಪು ಅವಳದಲ್ಲ, ಕ್ರಿಯಾಪದಗಳನ್ನು ಉರು ಹೊಡೆಸಿ, ಈ ಒಂದನ್ನು ನಗುವಿನಲ್ಲಿ ತೇಲಿಸಿದ ನನ್ನದು. ಅದನ್ನು ಅವಳ ಎದುರಿಗೇ ಹೇಳಿದೆ.

ಅಂದೇ ಕೂತು ಅವರಿಗೆ ಇಮೇಲ್ ಬರೆಯಲು ಹೇಳಿದೆ. ಅವಳು ಬರೆದ ಮೊದಲ ಪ್ರತಿಯಲ್ಲಿ ಎಂಟು ಸಾಲಿನ ತನಕ ಅವರ ಕ್ಷೇಮ ಸಮಾಚಾರ, ಕೃತಜ್ಞತೆ, ಕ್ಷಮೆ. ಬೇಕು ಎಂಬ ಮಾತೇ ಇಲ್ಲ. ಎಲ್ಲ ಹೊಡೆದು ಹಾಕಿ ಎರಡು ಸಾಲು ಉಳಿಸಿದೆ: ಕಳೆದ ಸಲ ನಾನು ಬೇಡ ಎಂದೆ, ಅದು ಸಂಕೋಚದಿಂದ. ನನಗೆ ಶಿಶುಗಳ ವಿಭಾಗವೇ ಬೇಕು. ಕಳಿಸುವ ಗುಂಡಿ ಒತ್ತಲು ಅವಳು ಬೆರಳು ಇಡುವುದು, ತೆಗೆಯುವುದು ಮಾಡುತ್ತಿದ್ದಳು. ಎಲೆಕ್ಟ್ರೀಷಿಯನ್ ಹಿಂದಿನಿಂದ ಬಂದು ಅವಳ ಬೆರಳನ್ನೇ ಹಿಡಿದು ಒತ್ತಿಸಿಬಿಟ್ಟ.

ಉತ್ತರ ಬರುವ ತನಕ ಕ್ಲಾಸಿನಲ್ಲಿ ಹೊಸ ಕಾನೂನು ತಂದೆ. ಕಾಫಿ ಫ್ಲಾಸ್ಕ್ ಮತ್ತು ಕೋಡುಬಳೆಯ ಡಬ್ಬ ನನ್ನ ಕೈಯಲ್ಲಿ. ಒಬ್ಬೊಬ್ಬರಿಗೂ ಜರ್ಮನ್‌ನಲ್ಲಿ ಒಂದೇ ಸಲ ಕೇಳುವುದು. ಬೇಕಾದವರು "ಯಾ, ಗೆರ್ನೆ" ಎನ್ನಬೇಕು, ಅಂದರೆ ಹೂಂ, ಖುಷಿಯಿಂದ. ಬೇಡ ಎಂದರೆ ಆ ದಿನಕ್ಕೆ ಇಲ್ಲ. ಎಲೆಕ್ಟ್ರೀಷಿಯನ್ ಎರಡೇ ವಾರದಲ್ಲಿ ಕಲಿತ. ಜರ್ಮನ್‌ನಲ್ಲಿ ಅವನಿಗೆ ಸರಿಯಾಗಿ ಬಂದ ಮೊದಲ ವಾಕ್ಯ ಅದು. ಸಿಸ್ಟರ್ ಕಣ್ಣು ಮುಚ್ಚಿ, ಔಷಧಿ ನುಂಗುವವಳ ಹಾಗೆ ಹೂಂ ಎನ್ನುತ್ತಿದ್ದಳು. ಮೇಷ್ಟ್ರು ಮಾತ್ರ ಎಪ್ಪತ್ತು ವರ್ಷದ ಅಭ್ಯಾಸ ಬಿಡಲಾರದೆ ಮೂರು ಭಾನುವಾರ ಸಾಲಾಗಿ "ನೈನ್, ನೈನ್" ಎಂದು ಕೈ ಆಡಿಸಿದರು. ಮೂರು ಭಾನುವಾರವೂ ಉಳಿದವರು ಕೋಡುಬಳೆ ಕಡಿಯುವ ಸದ್ದು ಕೇಳುತ್ತ ಕಿಟಕಿಯಾಚೆ ನೋಡುತ್ತ ಕೂತರು. ಪಾಪ ಎನಿಸುತ್ತಿತ್ತು, ಆದರೂ ಎರಡನೇ ಸಲ ಕೇಳಲಿಲ್ಲ.

ಉತ್ತರ ಬಂತು. ಗುರುವಾರ ಮಧ್ಯಾಹ್ನ ಎರಡೂವರೆಗೆ ಇನ್ನೊಮ್ಮೆ ವಿಡಿಯೋ ಕಾಲ್. ಸಿಸ್ಟರ್ ರಜೆ ಹಾಕಿ ಎನ್.ಆರ್. ಪುರದಿಂದ ಬಂದಳು. ಕರೆಂಟು ಹೋದರೆ ಎಂದು ಎಲೆಕ್ಟ್ರೀಷಿಯನ್ ಬ್ಯಾಟರಿ ಹೊತ್ತು ತಂದು, ಯಾರೂ ಮೇಲೆ ಬಂದು ಗಲಾಟೆ ಮಾಡದಂತೆ ಮೆಟ್ಟಿಲ ಮೇಲೆ ಕಾವಲು ಕೂತ. ಮೇಷ್ಟ್ರಿಗೆ ಯಾರೂ ಬನ್ನಿ ಎಂದಿರಲಿಲ್ಲ. ಅವರೂ ಶೃಂಗೇರಿಯಿಂದ ಮಡಿ ಪಂಚೆ ಉಟ್ಟು ಬಂದು ನನ್ನ ಜೊತೆ ಗೋಡೆಯ ಪಕ್ಕ, ಕ್ಯಾಮೆರಾಕ್ಕೆ ಕಾಣದಂತೆ ಕೂತರು.

ಪರದೆಯ ಮೇಲೆ ಇಬ್ಬರು ಹೆಂಗಸರು. ಹಿರಿಯಾಕೆ ಕೆಲಸದ ವಿಷಯ ಹೇಳಿದಳು: ಜಾಗ ಇನ್ನೂ ಇದೆ, ರಾತ್ರಿ ಪಾಳಿ ಹೆಚ್ಚು, ಮನಸ್ಸಿಗೂ ಕಷ್ಟದ ಕೆಲಸ. ನಿಮಗೆ ನಿಜಕ್ಕೂ ಬೇಕೇ?

ಸಿಸ್ಟರ್ ತಲೆ ಅಡ್ಡಕ್ಕೆ ಆಡಲು ಹೊರಟಿದ್ದು ನನಗೆ ಕಂಡಿತು. ಅಯ್ಯೋ ಮಾರಾಯ್ತಿ ಎಂದು ನನ್ನ ಜೀವ ಬಾಯಿಗೆ ಬಂತು. ಪಕ್ಕದಲ್ಲಿ ಮೇಷ್ಟ್ರು ನನ್ನ ಕೈ ಹಿಡಿದುಕೊಂಡಿದ್ದರು, ಯಾವಾಗ ಹಿಡಿದರೋ ಗೊತ್ತಿಲ್ಲ.

"ಯಾ," ಎಂದಳು. ಆಮೇಲೆ "ಗೆರ್ನೆ" ಎಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಯಾರೂ ಕೇಳದೆ, ತಾನಾಗಿ ಆ ಗಾಜಿನ ಬಾಗಿಲಿನ ಕತೆ ಶುರುಮಾಡಿದಳು. ಆಂಬುಲೆನ್ಸು, ತೊಡೆಯ ಮೇಲಿನ ಕೂಸು, ಕೈಯಿಂದ ಕೈಗೆ ದಾಟಿಸುವುದು, ಬರಿಗೈಲಿ ವಾಪಸ್ಸು. ವ್ಯಾಕರಣ ದಿಕ್ಕಾಪಾಲು. ನನ್ನ ನಾಲಿಗೆ ಆ ದಿನ ಒಂದು ತಪ್ಪಿಗೂ ತುರಿಸಲಿಲ್ಲ. ಹಿರಿಯಾಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಹತ್ತು ದಿನಕ್ಕೆ ಹೊಸ ಪತ್ರ ಬಂತು, ಶಿಶುಗಳ ವಿಭಾಗಕ್ಕೇ.

ಹೊರಡುವ ಮುಂಚೆ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಅವಳ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಆ ಉಪ್ಪಿನಕಾಯಿಯ ರುಚಿ ನನಗೆ ಗೊತ್ತಿತ್ತು, ಕಂಡ ಕೂಡಲೇ ಬಾಯಲ್ಲಿ ನೀರೂರಿತು. "ಅಯ್ಯೋ, ಇದೆಲ್ಲ ಎಂತಕ್ಕೆ ಮಾರಾಯ್ತಿ, ಬೇಡ," ಎಂದೆ.

ಅವಳು ನನ್ನ ಮುಖ ನೋಡಿ, ಭರಣಿಯನ್ನು ವಾಪಸ್ಸು ಚೀಲಕ್ಕೆ ಹಾಕಿಕೊಂಡಳು. ತಮಾಷೆ ಎಂದುಕೊಂಡೆ. ಕಾಲಿಗೆ ನಮಸ್ಕಾರ ಮಾಡಿದಳು, ಬತ್ತೆ ಮೇಡಂ ಎಂದಳು, ಬಸ್ಸು ಹತ್ತಿಯೇಬಿಟ್ಟಳು. ಭರಣಿಯೂ ಹೋಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರೆ. ನನಗೆ ಬದನೆಕಾಯಿಯೂ ಇಲ್ಲದ ಹಾಗಾಯಿತು. ಗಂಡ ಒಂದು ವಾರ ಇದನ್ನೇ ಹೇಳಿಕೊಂಡು ನಕ್ಕರು.

ಆರು ತಿಂಗಳಾದ ಮೇಲೆ ಒಂದು ಭಾನುವಾರ, ಕ್ಲಾಸಿನ ನಡುವೆ ಅವಳ ವಿಡಿಯೋ ಕಾಲ್ ಬಂತು. ಎಲೆಕ್ಟ್ರೀಷಿಯನ್ ಫೋನನ್ನು ಟಿವಿಗೆ ಜೋಡಿಸಿದ. ಅವಳಿಗೆ ಅಂದು ರಜೆ, ತಿಂಡಿ ತಿನ್ನುತ್ತಿದ್ದಳು. ಬ್ರೆಡ್ಡಿನ ಮೇಲೆ ಅಪ್ಪೆಮಿಡಿ ಇಟ್ಟು ನನಗೆ ಕಾಣುವಂತೆ ಹಿಡಿದಳು, ದುಷ್ಟೆ. ಇನ್ನೂ ಕಲಿಯುವವಳೇ ಎಂದಳು, ಆದರೆ ಬಾಗಿಲಿನ ಒಳಗೆ. ಆಮೇಲೆ ಒಂದು ಸಂಗತಿ ಹೇಳಿದಳು.

ವಾರ್ಡಿನಲ್ಲಿ ಒಂದು ಕೂಸು, ಒಂದು ಕೆಜಿಯೂ ಇಲ್ಲ, ಮೈತುಂಬ ನಳಿಗೆ. ತಾಯಿ ಚಿಕ್ಕ ವಯಸ್ಸಿನವಳು. ದಿನಾ ಬಂದು ಕೂಸನ್ನು ಬೆಚ್ಚಗಿಟ್ಟ ಗಾಜಿನ ಪೆಟ್ಟಿಗೆಯ ಪಕ್ಕ ಕೂರುತ್ತಾಳೆ. ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತೀರಾ ಎಂದು ನರ್ಸುಗಳು ದಿನಾ ಕೇಳುತ್ತಾರೆ. ಅವಳು ದಿನಾ "ನೈನ್, ಡಾಂಕೆ" ಎನ್ನುತ್ತಾಳೆ. ಅವರು ಅದನ್ನು ಗೌರವದಿಂದ ಬರೆದುಕೊಂಡು ಹೋಗುತ್ತಾರೆ. ಹೀಗೆ ನಾಲ್ಕು ದಿನ.

"ಮೊನ್ನೆ ಬೆಳಿಗ್ಗೆ ನಾನಿದ್ದೆ ಮೇಡಂ. ಒಂದ್ಸಲ ಕೇಳ್ದೆ, ಬೇಡ ಅಂದ್ಳು. ನಾನು ಹೋಗ್ಲಿಲ್ಲ. ಅಲ್ಲೇ ಕೂತು ಇನ್ನೊಂದ್ಸಲ ಕೇಳ್ದೆ."

ತಾಯಿ ಅಳಲು ಶುರುಮಾಡಿದಳಂತೆ. ಮುಟ್ಟಿದರೆ ಮಗುವಿಗೆ ಏನಾದರೂ ಆಗಿಬಿಡುತ್ತದೆಂದು ಹೆದರಿದ್ದಳು, ಅಷ್ಟೇ. ಹಿರಿಯ ನರ್ಸನ್ನು ಕರೆದು, ಇಬ್ಬರೂ ಸೇರಿ ನಳಿಗೆಗಳನ್ನು ಸರಿಸಿ ಕೂಸನ್ನು ಅವಳ ಎದೆಯ ಮೇಲಿಟ್ಟರು. ಎರಡು ಗಂಟೆಯಾದರೂ ವಾಪಸ್ಸು ಕೊಡಲು ಅವಳಿಗೆ ಮನಸ್ಸಾಗಲಿಲ್ಲವಂತೆ.

ಫೋನು ಇಟ್ಟ ಮೇಲೆ ಯಾರಿಗೂ ಸಿನಿಮಾ ಹಾಕುವ ಮನಸ್ಸಾಗಲಿಲ್ಲ. ನಾನು ಫ್ಲಾಸ್ಕ್ ತೆಗೆದೆ. ಮೇಷ್ಟ್ರಿಗೆ ಕಾಫಿ ಬೇಕಾ ಎಂದು ಜರ್ಮನ್‌ನಲ್ಲಿ ಕೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತ, ಹಳೆಯ ಅಭ್ಯಾಸದಂತೆ, ನೈನ್ ನೈನ್ ಎಂದು ಕೈ ಆಡಿಸಿದರು.

ನಾನು ಇನ್ನೊಂದು ಸಲ ಕೇಳಿದೆ.